ಠಾಕುರ್ಲಿಯ ರಾಜ ರಾಣಿ

ನನಗೆ ಹತ್ತು ವರ್ಷವಾಗಿದ್ದಾಗ ನಮ್ಮ ಮನೆಯಲ್ಲಿ ಅಪ್ಪ ಅಮ್ಮ ಒಬ್ಬರೊಡನೊಬ್ಬರು ಮಾತಾಡುತ್ತಿರಲಿಲ್ಲ. ಆಡಬೇಕಾದ ಮಾತೆಲ್ಲ ನನ್ನ ಮೂಲಕ ಹೋಗಿ ಬರುತ್ತಿತ್ತು. ಮನೆ ಎಂದರೆ ಠಾಕುರ್ಲಿ ಸ್ಟೇಶನ್ನಿನ ಪೂರ್ವಕ್ಕೆ ಒಂದು ಚಾಳಿನ ಮೊದಲ ಮಹಡಿಯಲ್ಲಿದ್ದ ಒಂದು ಕೋಣೆ, ಹಿಂದೆ ಅಡುಗೆಮನೆ, ಎರಡರ ನಡುವೆ ಬಾಗಿಲಿಲ್ಲದ ಚೌಕಟ್ಟಿಗೆ ಇಳಿಬಿಟ್ಟ ಹೂವಿನ ಪರದೆ. ಅಡುಗೆಮನೆಯಲ್ಲಿ ಚಮಚ ಬಿದ್ದರೆ ಗ್ಯಾಲರಿಯಲ್ಲಿ ನಿಂತವರಿಗೂ ಕೇಳಿಸುವಷ್ಟು ಸಣ್ಣ ಮನೆ ಅದು. ಅಲ್ಲಿ ಅಮ್ಮ ಒಲೆಯ ಮುಂದೆ ನಿಂತು ಹೇಳಿದ್ದು ಕೋಣೆಯಲ್ಲಿ ಪೇಪರು ಓದುತ್ತಿದ್ದ ಅಪ್ಪನಿಗೆ ಸ್ಪಷ್ಟವಾಗಿ ಕೇಳುತ್ತಿತ್ತು. ಆದರೂ ನಾನು ಪರದೆ ಸರಿಸಿ ಹೋಗಿ ಅದನ್ನು ಮತ್ತೊಮ್ಮೆ ಹೇಳುವವರೆಗೆ ಅದು ಅವರಿಗೆ ತಲುಪಿದಂತೆ ಆಗುತ್ತಿರಲಿಲ್ಲ.

"ನಿಮ್ಮಪ್ಪಗ ಹೇಳು, ನೀರು ಬಂದಾವು. ಎದ್ದು ತುಂಬಲಿ."

"ಅಮ್ಮನ ಹತ್ರ ಹೇಳು ಮಗಾ, ಇವತ್ತು ಲೇಟಾಗ್ತದೆ. ಆಫೀಸಿನಲ್ಲಿ ಆಡಿಟ್ ಉಂಟು."

ಅಮ್ಮ ಗದಗಿನ ಕಡೆಯವರು, ಅಪ್ಪ ಉಡುಪಿಯ ಹತ್ತಿರದ ಹಳ್ಳಿಯವರು. ಒಬ್ಬರ ಕನ್ನಡ ಇನ್ನೊಬ್ಬರ ಕನ್ನಡದಂತೆ ಇರಲಿಲ್ಲ. ಹಾಗಾಗಿ ಪರದೆ ದಾಟುವ ಆ ಎರಡು ಹೆಜ್ಜೆಯಲ್ಲಿ ನಾನು 'ಬಂದಾವು' ಎಂಬುದನ್ನು 'ಬಂತಂತೆ' ಎಂದು, 'ಉಂಟು' ಎಂಬುದನ್ನು 'ಐತಂತ' ಎಂದು ಬದಲಿಸಿಕೊಳ್ಳುತ್ತಿದ್ದೆ. ಕೆಲವೊಮ್ಮೆ ಅಷ್ಟಕ್ಕೇ ನಿಲ್ಲುತ್ತಿರಲಿಲ್ಲ. ಸಾರಿಗೆ ಉಪ್ಪು ಸರಿಯಾಗಿದೆ ಎಂದು ಅಪ್ಪ ಹೇಳಿದರೆ, ಸಾರು ಬಹಳ ರುಚಿಯಾಗಿದೆಯಂತೆ ಎಂದು ಹೇಳಿಬಿಡುತ್ತಿದ್ದೆ. ಅಮ್ಮ ನನ್ನ ಮುಖ ನೋಡದೆ ಹೇಳುತ್ತಿದ್ದರು:

"ಅಂದದ್ದಷ್ಟ ಹೇಳು ಸುಜಾ. ನಡುವ ನಿಂದು ಸಕ್ಕರಿ ಬ್ಯಾಡ."

ಪಕ್ಕದ ಮನೆಯ ಮರಾಠಿ ಕಾಕು ಇದನ್ನು 'ಅಬೋಲಾ' ಎನ್ನುತ್ತಿದ್ದರು. ಮಾತು ಬಿಟ್ಟ ಸಂಸಾರಕ್ಕೆ ಅವರ ಭಾಷೆಯಲ್ಲಿ ಅಷ್ಟು ಚಂದದ ಹೆಸರಿತ್ತು. ನಳದ ಹತ್ತಿರ ಸಿಕ್ಕಾಗ "ಅಬೋಲಾ ಸುಟ್‌ಲಾ ಕಾ ಗ?" ಎಂದು ಮೆಲ್ಲಗೆ ಕೇಳುತ್ತಿದ್ದರು. ಬಿಟ್ಟಿತಾ, ಎಂದು. ಇನ್ನೂ ಇಲ್ಲ ಎಂದು ನಾನು ತಲೆಯಾಡಿಸುತ್ತಿದ್ದೆ. ನನ್ನ ಜೊತೆಯ ಹುಡುಗಿಯರ ಮನೆಯಲ್ಲಿ ಜಗಳವಾಗುತ್ತಿತ್ತು, ಪಾತ್ರೆ ಹಾರುತ್ತಿತ್ತು, ಸಂಜೆಗೆ ಎಲ್ಲರೂ ಒಟ್ಟಿಗೆ ವಡಾಪಾವ್ ತಿನ್ನುತ್ತಿದ್ದರು. ನಮ್ಮ ಮನೆಯಲ್ಲಿ ಒಂದು ಲೋಟವನ್ನೂ ಜೋರಾಗಿ ಕೆಳಗಿಡುವವರಿರಲಿಲ್ಲ. ಶಾಲೆಯಲ್ಲಿ ಆದದ್ದನ್ನು ಹೇಳಬೇಕೆಂದು ನಾನು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬರುತ್ತಿದ್ದೆ. ಮನೆಯೊಳಗೆ ಕಾಲಿಟ್ಟ ಕೂಡಲೇ ಇಬ್ಬರಲ್ಲಿ ಒಬ್ಬರ ಮಾತು ಕೈಗೆ ಬರುತ್ತಿತ್ತು, ನನ್ನದು ಹಿಂದೆ ಉಳಿಯುತ್ತಿತ್ತು. ಒಮ್ಮೆ ಆಟದ ಮೈದಾನದಲ್ಲಿ ಬಿದ್ದು ನನ್ನ ಮುಂಗೈ ಊದಿಕೊಂಡಿತ್ತು. ಎರಡು ದಿನದ ಮೇಲೆ ಅದನ್ನು ನೋಡಿ ಕೇಳಿದ್ದು ಕಾಕು.

ಅಬೋಲಾ ಶುರುವಾದದ್ದು ಅದಕ್ಕೆ ಎರಡು ವರ್ಷದ ಹಿಂದೆ. ಅಪ್ಪ ಅಮ್ಮನದು ತಾವೇ ಮೆಚ್ಚಿ ಆದ ಮದುವೆ. ಡೊಂಬಿವಲಿಯಲ್ಲಿ ಕನ್ನಡದವರ ಒಂದು ಸಂಘ ಭಾನುವಾರ ನಡೆಸುತ್ತಿದ್ದ ಹಾಡಿನ ಕ್ಲಾಸಿನಲ್ಲಿ ಇಬ್ಬರೂ ಸಿಕ್ಕಿದ್ದರು. ಮದುವೆಗೆ ಎರಡೂ ಕಡೆಯ ಮನೆಗಳಿಂದ ಯಾರೂ ಬರಲಿಲ್ಲ, ಅಮ್ಮನ ಅಪ್ಪನೊಬ್ಬರನ್ನು ಬಿಟ್ಟು. ತಬಲಾ ನುಡಿಸುತ್ತಿದ್ದ ಆ ಅಜ್ಜ ಊರಿನವರ ವಿರೋಧ ಕಟ್ಟಿಕೊಂಡು ಒಬ್ಬರೇ ರೈಲು ಹತ್ತಿ ಬಂದಿದ್ದರು. ಆಮೇಲೂ ಅಮ್ಮನಿಗೆ ತವರು ಎಂದರೆ ಅವರೊಬ್ಬರೇ. ನನಗೆ ಎಂಟು ವರ್ಷವಾಗಿದ್ದಾಗ, ಸಂಘದ ವಾರ್ಷಿಕೋತ್ಸವದಲ್ಲಿ ಅಮ್ಮ ಮೊದಲ ಸಲ ಒಬ್ಬರೇ ಹಾಡುವುದಿತ್ತು. ಅದೇ ಮಧ್ಯಾಹ್ನ ವಾಗ್ಳೆ ಎಸ್ಟೇಟಿನಲ್ಲಿ ಅಪ್ಪ ಗುಮಾಸ್ತರಾಗಿದ್ದ ಕಾರ್ಖಾನೆಗೆ ಊರಿನಿಂದ ಫೋನು ಬಂತು. ಅಜ್ಜ ತೀರಿಕೊಂಡಿದ್ದರು. ಅಪ್ಪ ಎಂದಿಗಿಂತ ಬೇಗ ಮನೆಗೆ ಬಂದರು. ಕೈಯಲ್ಲಿ ಮಲ್ಲಿಗೆಯ ಗಜರಾ ಇತ್ತು. ಏನೂ ಹೇಳಲಿಲ್ಲ. ನನ್ನ ತಲೆ ಬಾಚಿದರು, ಅಮ್ಮನ ಸೀರೆಗೆ ಇಸ್ತ್ರಿ ಮಾಡಿದರು. ಅಮ್ಮ ಹಾಡಿದರು. ಜನ ಮತ್ತೊಂದು ಹಾಡು ಬೇಕೆಂದರು, ಅದನ್ನೂ ಹಾಡಿದರು. ವೇದಿಕೆಯಿಂದ ಇಳಿದ ಮೇಲೆ ಅಪ್ಪ ಸುದ್ದಿ ಹೇಳಿದರು. ಕಲ್ಯಾಣಿನಲ್ಲಿ ರೈಲು ಹಿಡಿದು ನಾವು ಊರು ಮುಟ್ಟುವ ಹೊತ್ತಿಗೆ ಅಜ್ಜನದು ಮಣ್ಣಾಗಿ ಹೋಗಿತ್ತು. ಕಾದು ಕಾದು ಕೊನೆಗೆ ಒಯ್ದೆವು, ಫೋನು ನಿನ್ನೆ ಮಧ್ಯಾಹ್ನವೇ ಮಾಡಿದ್ದೆವಲ್ಲ ಎಂದು ಮಾವ ಹೇಳಿದ. ಹಸಿ ಮಣ್ಣಿನ ಪಕ್ಕದಲ್ಲಿ ಕೂತಿದ್ದ ಅಮ್ಮ ತಲೆಯೆತ್ತಿ ಅಪ್ಪನನ್ನು ಕೇಳಿದರು:

"ನಿಮಗ ಯಾವಾಗ ಗೊತ್ತಾತು?"

"ಮಧ್ಯಾಹ್ನ," ಎಂದರು ಅಪ್ಪ.

ಅಬೋಲಾಕ್ಕೆ ಮೊದಲು ಅಮ್ಮ ಅವರಿಗೆ ನೇರವಾಗಿ ಕೇಳಿದ ಕೊನೆಯ ಪ್ರಶ್ನೆ ಅದು. ಹಾಡುವುದನ್ನೂ ಅಲ್ಲಿಗೇ ಬಿಟ್ಟರು. ಹಾರ್ಮೋನಿಯಂ ಪೆಟ್ಟಿಗೆ ಮಂಚದ ಕೆಳಗೆ ಸೇರಿತು. ಅಪ್ಪ ಅವತ್ತು ಯಾಕೆ ಹಾಗೆ ಮಾಡಿದರೆಂದು ಈಗ ನನಗೆ ಅರ್ಥವಾಗುತ್ತದೆ. ಅಮ್ಮನ ಆ ಒಂದು ಸಂಜೆ ಕೆಡಬಾರದು ಎಂದು ಅವರಿಗೆ ಅನಿಸಿರಬೇಕು. ಅಮ್ಮನಿಗೆ ಅದು ಯಾಕೆ ಸಹಿಸಲಾಗಲಿಲ್ಲ ಎಂಬುದೂ ಅರ್ಥವಾಗುತ್ತದೆ. ತನ್ನ ಅಪ್ಪ ಸತ್ತು ಮಲಗಿದ್ದಾಗ ತಾನು ಮಲ್ಲಿಗೆ ಮುಡಿದು ಚಪ್ಪಾಳೆ ತಟ್ಟಿಸಿಕೊಂಡೆ ಎಂಬುದನ್ನು ಅವರು ನೆನೆಯದ ದಿನವಿರಲಿಲ್ಲ.

ಹೀಗಿರುವಾಗ ಒಂದು ದಿನ ವಿಠ್ಠಲವಾಡಿಯ ಮಾಸ್ತರು ಮನೆಗೆ ಬಂದರು. ರೈಲ್ವೆ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು, ಹರೆಯದಲ್ಲಿ ಹುಬ್ಬಳ್ಳಿಯ ಕಡೆ ನಾಟಕ ಕಂಪನಿಗಳಲ್ಲಿ ಹಾಡಿದವರು. ಅಜ್ಜನ ಸ್ನೇಹಿತರು. ಸಂಘಕ್ಕಾಗಿ ಒಂದು ಚಾರಿತ್ರಿಕ ಸಂಗೀತ ನಾಟಕ ಬರೆದಿದ್ದರು. ಹೊನ್ನಗಿರಿ ಎಂಬ ಸಣ್ಣ ಸಂಸ್ಥಾನ, ಅದರ ರಾಜ ಸೋಮಭೂಪಾಲ, ರಾಣಿ ರತ್ನಾಂಬೆ. ರಾಜ ಯುದ್ಧಕ್ಕೆ ಹೋದಾಗ ರಾಣಿ ಕೋಟೆ ಕಾಯುತ್ತಾಳೆ. ಗೆದ್ದು ಬಂದ ರಾಜ ಮಂತ್ರಿಯ ಚಾಡಿ ಕೇಳಿ ಅವಳನ್ನೇ ಅರಮನೆಯಿಂದ ಹೊರಗೆ ಹಾಕುತ್ತಾನೆ. ಕೊನೆಯ ಅಂಕದಲ್ಲಿ ನಿಜ ತಿಳಿದು ತುಂಬಿದ ಸಭೆಯಲ್ಲಿ ಕ್ಷಮೆ ಕೇಳುತ್ತಾನೆ. ಮಾಸ್ತರು ಚಹಾ ಮುಟ್ಟದೆ ಕೂತು, ರಾಣಿಯ ಪಾತ್ರ ಅಮ್ಮ ಮಾಡಬೇಕು ಎಂದರು. ಅಮ್ಮ ಒಲ್ಲೆ ಎಂದರು.

"ತಂಗೀ, ನಿಮ್ಮಪ್ಪ ನನ್ನ ಹಾಡಿಗೆ ತಬಲಾ ನುಡಿಸಿದಾಂವ. ನಿನ್ನ ಸಲುವಾಗಿ ಊರೆಲ್ಲಾ ಎದುರು ಹಾಕ್ಕೊಂಡಾಂವ. ಈಗ ಅವನ ಹೆಸರಿನ ಮ್ಯಾಲೆ ನೀ ಹಾಡೂದು ಬಿಟ್ಟಿ ಅಂದ್ರ ಅಂವ ಏನಂದಾನು?"

ಅಮ್ಮ ಸೀರೆಯ ಸೆರಗಿನ ನೂಲು ಎಳೆಯುತ್ತ ಕೂತಿದ್ದರು. ಆಮೇಲೆ ನನ್ನ ಕಡೆ ನೋಡಿ, ಹಾರ್ಮೋನಿಯಂ ಎಳಿ ಎಂದರು.

ಆಗ ರಾಜನ ಪಾತ್ರಕ್ಕೆ ಒಬ್ಬ ಬ್ಯಾಂಕ್ ನೌಕರರಿದ್ದರು. ಅಮ್ಮ ಮನೆಯಲ್ಲಿ ಮಾತು ಕಲಿಯುವಾಗ ರಾಜನ ಮಾತುಗಳನ್ನು ನಾನು ಓದಿ ಹೇಳಬೇಕಿತ್ತು. ಶಾಲೆಯಲ್ಲಿ ಮರಾಠಿ, ಓಣಿಯಲ್ಲಿ ಹಿಂದಿ, ಮನೆಯಲ್ಲಿ ಎರಡು ಥರದ ಕನ್ನಡ. ಮಾಸ್ತರು ಬರೆದ ಕನ್ನಡ ಈ ಯಾವುದರ ಹಾಗೂ ಇರಲಿಲ್ಲ. 'ದೇವಿ, ನಿನ್ನ ಮೌನವು ಶತ್ರುಸೈನ್ಯಕ್ಕಿಂತ ದಾರುಣವಾಗಿದೆ' ಎಂದು ನಾನು ಅಡುಗೆಮನೆಯ ನೆಲದಲ್ಲಿ ಕೂತು ತಡವರಿಸಿ ಓದುತ್ತಿದ್ದೆ. ಅಮ್ಮ ಹಿಟ್ಟು ನಾದುತ್ತ ರಾಣಿಯ ಉತ್ತರ ಹೇಳುತ್ತಿದ್ದರು. ಆ ಒಂದು ತಾಸು ಅಮ್ಮ ನನ್ನ ಜೊತೆ ಮಾತಾಡುತ್ತಿದ್ದರು, ನನ್ನ ಮೂಲಕವಲ್ಲ. ಹಾಗಂದುಕೊಳ್ಳುವುದು ನನಗೆ ಬೇಕಿತ್ತು. ಇನ್ನೂ ನಾಲ್ಕು ಪುಟ ಇದ್ದರೆ ಚೆನ್ನಾಗಿತ್ತು ಎಂದು ದಿನವೂ ಅನಿಸುತ್ತಿತ್ತು.

ತಾಲೀಮು ಡೊಂಬಿವಲಿಯ ಒಂದು ಶಾಲೆಯ ಕೋಣೆಯಲ್ಲಿ ನಡೆಯುತ್ತಿತ್ತು. ಅಮ್ಮನಿಗೆ ಜೊತೆಯಾಗಿ ನಾನು ಹೋಗುತ್ತಿದ್ದೆ. ಮಕ್ಕಳ ಬೆಂಚುಗಳನ್ನು ಜೋಡಿಸಿದರೆ ಸಿಂಹಾಸನ. ಸ್ಟೇಶನ್ನಿನ ಬಳಿ ಸಣ್ಣ ಹೋಟೆಲು ನಡೆಸುತ್ತಿದ್ದ ಜಗನ್ನಾಥಣ್ಣ ದುಷ್ಟ ಮಂತ್ರಿ. ಹೊಟ್ಟೆಯೂ ಮೀಸೆಯೂ ದುಷ್ಟರದು, ಸ್ವಭಾವ ಮಾತ್ರ ಅಲ್ಲ. ಚಾಡಿ ಹೇಳುವ ದೃಶ್ಯದಲ್ಲಿ ಅವರ ದನಿ ಇಳಿದುಹೋಗುತ್ತಿತ್ತು.

"ನಾನು ಹೇಗೆ ಮಾರಾಯ್ರೆ ಕೆಟ್ಟವನಾಗುದು? ಇಡ್ಲಿ ತಣ್ಣಗಾಗಿದೆ ಅಂತ ಗಿರಾಕಿ ಹೇಳಿದ್ರೆ ನನಗೆ ಇಡೀ ದಿನ ಊಟ ಸೇರುದಿಲ್ಲ," ಎಂದು ಅವರು ಗೋಗರೆಯುತ್ತಿದ್ದರು. ಕಾಗದದ ಪೊಟ್ಟಣದಲ್ಲಿ ಬಿಸಿ ಗೋಳಿಬಜೆ ತಂದು ಮೊದಲು ನನಗೆ ಕೊಡುತ್ತಿದ್ದವರು ಅವರು. ರಾಜನರ್ತಕಿಯಾಗಿದ್ದ ಕಾಲೇಜು ಹುಡುಗಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ತನ್ನ ಮಾತುಗಳನ್ನು ದೇವನಾಗರಿಯಲ್ಲಿ ಬರೆದುಕೊಂಡು, ಅರ್ಥವನ್ನು ಹಿಂದಿಯಲ್ಲಿ ಕೇಳಿ ತಿಳಿದುಕೊಂಡು, ಎಲ್ಲರಿಗಿಂತ ಚೆನ್ನಾಗಿ ಅಳುತ್ತಿದ್ದಳು.

ನಾಟಕಕ್ಕೆ ತಿಂಗಳಿದೆ ಎನ್ನುವಾಗ ಬ್ಯಾಂಕಿನ ರಾಜನಿಗೆ ನಾಗಪುರಕ್ಕೆ ವರ್ಗವಾಯಿತು. ಮಾಸ್ತರು ತಲೆಯ ಮೇಲೆ ಕೈಹೊತ್ತು ಮತ್ತೆ ನಮ್ಮ ಮನೆಗೆ ಬಂದರು. ಅಮ್ಮ ಒಳಗೆ ಕೊನೆಯ ಅಂಕದ ಮಾತು ಹೇಳಿಕೊಳ್ಳುತ್ತಿದ್ದರು. ಒಂದು ಕಡೆ ನಿಂತರು, ರಾಜನ ಮಾತು ಬರಬೇಕಿದ್ದ ಕಡೆ. ನಾನು ಕೋಣೆಯಲ್ಲಿ ಪರದೆಯ ಬಳಿ ಕೂತು ಪುಟ ಹುಡುಕುತ್ತಿದ್ದೆ. ಅಷ್ಟರಲ್ಲಿ ಕೋಣೆಯಲ್ಲಿ ಮಾಸ್ತರ ಎದುರು ಕೂತಿದ್ದ ಅಪ್ಪ, ಪೇಪರಿನಿಂದ ಕಣ್ಣೆತ್ತದೆ, ಆ ಮಾತನ್ನು ಒಂದಕ್ಷರ ಬಿಡದೆ ಹೇಳಿಬಿಟ್ಟರು. ಪರದೆಯ ಆಚೆ ನಾನು ಎಷ್ಟೋ ದಿನದಿಂದ ಓದುತ್ತಿದ್ದುದು ಅವರಿಗೆ ಬಾಯಿಪಾಠವಾಗಿತ್ತು. ಊರಿನಲ್ಲಿದ್ದಾಗ ತಾಳಮದ್ದಳೆಯಲ್ಲಿ ಅರ್ಥ ಹೇಳಿದ ಗಂಟಲು ಅದು. ಮಾಸ್ತರು ಎದ್ದು ನಿಂತರು.

"ಏ ಮಾರಾಯಾ, ರಾಜಾ ಮನ್ಯಾಗ ಕುಂತಾನ, ನಾ ಊರೆಲ್ಲಾ ಹುಡಕಾಕತ್ತೇನಿ!"

ನಾನು ಒಳಗೆ ಹೋಗಿ ಅಮ್ಮನ ಮುಖ ನೋಡಿದೆ. ಅಮ್ಮ ಲಟ್ಟಣಿಗೆ ಹಿಡಿದು ನಿಂತಿದ್ದರು. ಕೊನೆಗೆ, "ಮಾಸ್ತರಿಗೆ ಹೇಳು, ಯಾರು ಮಾಡಿದರೂ ನಂದೇನಿಲ್ಲ," ಎಂದರು.

ಅಂದಿನಿಂದ ನಮ್ಮ ಮನೆಯಲ್ಲಿ ವಿಚಿತ್ರವಾದ ಸಂಜೆಗಳು ಶುರುವಾದವು. ಅಪ್ಪ ಆಫೀಸಿನಿಂದ ಬಂದು ಕೈಕಾಲು ತೊಳೆದು ಕೋಣೆಯಲ್ಲಿ ನಿಲ್ಲುತ್ತಿದ್ದರು. ಅಮ್ಮ ಅಡುಗೆಮನೆಯಲ್ಲೇ ಇರುತ್ತಿದ್ದರು. ಪರದೆ ಮುಚ್ಚಿದ್ದಂತೆಯೇ ಮಾತು ಶುರುವಾಗುತ್ತಿತ್ತು. ಪ್ರಭು ಎಂದು ಅಮ್ಮ, ದೇವಿ ಎಂದು ಅಪ್ಪ. ಯುದ್ಧಕ್ಕೆ ಹೊರಟ ರಾಜನನ್ನು ರಾಣಿ ಬೀಳ್ಕೊಡುವ ಜೋಡಿಹಾಡಿನಲ್ಲಿ ಇಬ್ಬರ ದನಿ ಸೇರಿದಾಗ ಚಾಳಿನ ಹೆಂಗಸರು ಗ್ಯಾಲರಿಯಲ್ಲಿ ಬಂದು ನಿಲ್ಲುತ್ತಿದ್ದರು. ಕಾಕು ಕಿಟಕಿಯಿಂದ ನನ್ನತ್ತ ಕಣ್ಣರಳಿಸುತ್ತಿದ್ದರು: ಬಿಟ್ಟಿತಾ? ನಾನು ಏನು ಹೇಳಲಿ? ಹಾಡು ಮುಗಿದ ಮರುಗಳಿಗೆ ಅದೇ ಗಂಟಲಿನಿಂದ, "ನಿಮ್ಮಪ್ಪಗ ಕೇಳು, ಈಗ ಬಡಿಸಲೋ ಆಮ್ಯಾಲೋ," ಎಂದು ಬರುತ್ತಿತ್ತು. ಇನ್ನು ಸ್ವಲ್ಪ ದಿನ, ನಾಟಕ ಮುಗಿಯುವಷ್ಟರಲ್ಲಿ ಈ ದೇವಿ ಪ್ರಭುಗಳು ಅಪ್ಪ ಅಮ್ಮನೇ ಆಗಿಬಿಡುತ್ತಾರೆ ಎಂದು ನಾನು ನಂಬಿಕೊಂಡಿದ್ದೆ. ರಾಜನ ಮಾತು ಅಪ್ಪನ ಪಾಲಿಗೆ ಹೋದ ಮೇಲೆ ನಾನು ಓದುವುದು ನಿಂತುಹೋಗಿದ್ದರಿಂದ, ಕಾಯುವುದೊಂದೇ ನನಗೆ ಉಳಿದಿದ್ದ ಕೆಲಸ.

ನಾಟಕ ಭಾನುವಾರ ಮಧ್ಯಾಹ್ನಕ್ಕೆ ಇಟ್ಟುಕೊಂಡಿದ್ದರು. ಬಾಡಿಗೆಗೆ ತಂದ ವೇಷಗಳೆಲ್ಲ ಮರಾಠಿ ನಾಟಕದವು. ಹೀಗಾಗಿ ಹೊನ್ನಗಿರಿಯ ಸೈನ್ಯ ಮರಾಠರ ಪಗಡಿ ಕಟ್ಟಿ ನಿಂತಿತ್ತು. ಅಪ್ಪನಿಗೆ ಸಿಕ್ಕ ಕಿರೀಟ ದೊಡ್ಡದಾಗಿ, ಒಳಗೆ ಹಳೆಯ ಟವೆಲು ಸುತ್ತಿ ಕೂರಿಸಿದ್ದರು. ಅಮ್ಮ ಹಸಿರು ಜರಿಸೀರೆ ಉಟ್ಟು, ಮೂಗಿಗೆ ದೊಡ್ಡ ನತ್ತು ಹಾಕಿ ಬಂದಾಗ ನನಗೆ ಗುರುತು ಸಿಗಲಿಲ್ಲ. ಪಕ್ಕದ ಪರದೆಯ ಹಿಂದೆ ಒಂದು ಪೆಟ್ಟಿಗೆಯ ಮೇಲೆ ನಾನು ಕೂತಿದ್ದೆ. ಎಲ್ಲ ಚೆನ್ನಾಗಿ ಹೋಯಿತು. ಜಗನ್ನಾಥಣ್ಣನ ಚಾಡಿಗೆ ಜನ ನಿಜವಾಗಿಯೂ ಬೈದರು, ಅವರು ಒಳಗೆ ಬಂದು ಸಂತೋಷದಿಂದ ಬೆವರು ಒರೆಸಿಕೊಂಡರು. ಕೊನೆಯ ಅಂಕ ಬಂತು. ರಾಜ ಸಿಂಹಾಸನದಿಂದ ಇಳಿದು ಬರಬೇಕು, 'ದೇವಿ, ಅಪರಾಧಿಯಾಗಿದ್ದೇನೆ, ಕ್ಷಮಿಸು' ಎನ್ನಬೇಕು. 'ಅರಸರು ಕ್ಷಮೆ ಬೇಡಬಾರದು ಪ್ರಭು' ಎಂದು ರಾಣಿ ಹೇಳಿ ಹಾಡಬೇಕು. ಅಪ್ಪ ಇಳಿದು ಬಂದರು. ಬರೆದಷ್ಟನ್ನು ಹೇಳಿದರು. ಆದರೆ ಅಲ್ಲಿಗೆ ನಿಲ್ಲಿಸಲಿಲ್ಲ.

"ದೇವಿ, ದುಃಖದ ವಾರ್ತೆಯೊಂದು ನನ್ನ ಕೈಗೆ ಬಂದಿತ್ತು. ನಿನ್ನ ಮುಖದಲ್ಲಿ ಅಂದು ಇದ್ದ ಬೆಳಕನ್ನು ಆರಿಸುವ ಧೈರ್ಯ ನನಗಾಗಲಿಲ್ಲ. ಬಚ್ಚಿಟ್ಟೆ. ತಂದೆಯ ಮುಖವನ್ನು ಕೊನೆಯ ಬಾರಿ ಕಾಣುವ ಹಕ್ಕನ್ನು ನಿನ್ನಿಂದ ಕಸಿದುಕೊಂಡೆ. ಇಂದು ಈ ಸಭೆಯ ಮುಂದೆ ತಲೆಬಾಗಿದ್ದೇನೆ."

ಮಾಸ್ತರು ಹಾರ್ಮೋನಿಯಂ ಮೇಲೆ ಕೈ ನಿಲ್ಲಿಸಿ ಗಾಬರಿಯಿಂದ ಪುಟ ತಿರುವಿದರು. ಸಭೆಯವರಿಗೆ ಅದು ನಾಟಕದ ಮಾತೇ. ಅಮ್ಮ ಅಪ್ಪನನ್ನೇ ನೋಡುತ್ತ ನಿಂತಿದ್ದರು, ನತ್ತು ಅಲುಗುತ್ತಿತ್ತು. ಅರಸರು ಕ್ಷಮೆ ಬೇಡಬಾರದು ಎಂಬ ಮಾತನ್ನು ಅವರು ಹೇಳಲಿಲ್ಲ. ಶ್ರುತಿಗೂ ಕಾಯದೆ ಕೊನೆಯ ಹಾಡು ಎತ್ತಿಕೊಂಡರು. ಆ ಹಾಡನ್ನು ಅಷ್ಟು ಚೆನ್ನಾಗಿ ಅವರು ಎಂದೂ ಹಾಡಿರಲಿಲ್ಲ. ಹಾಡಿನ ಉದ್ದಕ್ಕೂ ಒಮ್ಮೆಯೂ ಅಪ್ಪನ ಕಡೆ ತಿರುಗಲಿಲ್ಲ. ಪರದೆ ಬಿದ್ದ ಮೇಲೆ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಡೊಂಬಿವಲಿಯಿಂದ ಠಾಕುರ್ಲಿಗೆ ಲೋಕಲ್ಲಿನಲ್ಲಿ ಒಂದೇ ಸ್ಟೇಶನ್. ಸಂಜೆಯ ಗದ್ದಲದಲ್ಲಿ ನಾವು ಮೂವರೂ ನಿಂತೇ ಬಂದೆವು. ಅಪ್ಪನ ಮುಖದಲ್ಲೂ ಕಿವಿಯ ಹಿಂದೆಯೂ ಬಣ್ಣ ಉಳಿದಿತ್ತು. ಮನೆಗೆ ಬಂದು ಅಪ್ಪ, ಚಾಳಿನವರು ಮೋರಿ ಎನ್ನುವ ಮೂಲೆಯ ಬಚ್ಚಲಿನಲ್ಲಿ ಕೂತು, ಕೊಬ್ಬರಿ ಎಣ್ಣೆ ಹಚ್ಚಿ ಮುಖ ಉಜ್ಜುತ್ತಿದ್ದಾಗ ಅಮ್ಮ ನನ್ನನ್ನು ಕರೆದರು.

"ನಿಮ್ಮಪ್ಪಗ ಹೇಳು. ಅದು ಅಷ್ಟು ಮಂದಿ ಮುಂದ ಹೇಳೂ ಮಾತಲ್ಲ. ಅವತ್ತೂ ನಾ ಮಂದಿ ಮುಂದ ನಿಂತಿದ್ದೆ, ಇವತ್ತೂ ನಿಲ್ಲಿಸಿದರು. ಹೇಳೂದಿದ್ದರ ಕಿರೀಟ ತಗದಿಟ್ಟು, ಮನ್ಯಾಗ ಹೇಳಂತ ಹೇಳು."

ನಾನು ಮೋರಿಯ ಕಟ್ಟೆಯ ಬಳಿ ಹೋಗಿ ನಿಂತೆ. ಈ ಸಲ ಏನನ್ನೂ ಸೇರಿಸಲಿಲ್ಲ, ಬದಲಿಸಲಿಲ್ಲ, ಅಮ್ಮನ ಕನ್ನಡದಲ್ಲೇ ಹೇಳಿದೆ. ಅಪ್ಪ ಕೆಂಪು ಬಣ್ಣದ ಎಣ್ಣೆ ಮುಖದಿಂದ ನನ್ನನ್ನು ನೋಡಿದರು.

"ಕೇಳಿಸ್ತು ಮಗಾ," ಎಂದರು.

ಆದರೆ ಹೇಳಲಿಲ್ಲ. ಒಂದು ವಾರ ಹೋಯಿತು, ಮತ್ತೊಂದು ವಾರ ಹೋಯಿತು. ಅಡುಗೆಮನೆಯ ತನಕ ಬಂದು ಪರದೆ ಹಿಡಿದು ನಿಂತು, ನೀರು ಕುಡಿದು ಹಿಂದಿರುಗುತ್ತಿದ್ದರು. ಸೋಮಭೂಪಾಲನ ಭಾಷೆಯಲ್ಲಿ ಅವರಿಗೆ ಎಷ್ಟು ಬೇಕಾದರೂ ಮಾತು ಬರುತ್ತಿತ್ತು. ಬನಿಯನ್, ಲುಂಗಿಯಲ್ಲಿ ನಿಂತಾಗ ಒಂದೂ ಬರುತ್ತಿರಲಿಲ್ಲ. ಈ ನಡುವೆ ನವಿ ಮುಂಬಯಿಯ ಕನ್ನಡದವರು ವಾಶಿಯಲ್ಲಿ ಅದೇ ನಾಟಕ ಆಡಿಸಿದರು. ಅಲ್ಲಿ ಅಪ್ಪ ಬರೆದದ್ದನ್ನಷ್ಟೇ ಹೇಳಿದರು. ಅಮ್ಮನೂ ತಮ್ಮ ಮಾತನ್ನು ಬಿಡದೆ ಹೇಳಿದರು. ಡೊಂಬಿವಲಿಯಲ್ಲಿ ಬಂದ ಆ ರಸ ಯಾಕೋ ಇಲ್ಲಿ ಬರಲಿಲ್ಲವಲ್ಲ ಎಂದು ಮಾಸ್ತರು ಪೇಚಾಡಿಕೊಂಡರು. ನಾಟಕ ಅಲ್ಲಿಗೆ ಮುಗಿಯಿತು. ಮರುದಿನ ಬೆಳಿಗ್ಗೆ ಅಪ್ಪ ಆಫೀಸಿಗೆ ರಜೆ ಹಾಕಿದ್ದರು. ಅಮ್ಮ ಈಳಿಗೆಮಣೆಯ ಮೇಲೆ ಕೂತು ಹೀರೇಕಾಯಿ ಹೆಚ್ಚುತ್ತಿದ್ದರು. ನಾನು ಕೋಣೆಯಲ್ಲಿ ಯೂನಿಫಾರ್ಮಿಗೆ ಗುಂಡಿ ಹಾಕಿಕೊಳ್ಳುತ್ತಿದ್ದೆ. ಅಪ್ಪ ಒಳಗೆ ಹೋಗಿ ಅಮ್ಮನ ಎದುರು ನೆಲದ ಮೇಲೆ ಕೂತದ್ದು ಪರದೆಯ ಸಂದಿಯಲ್ಲಿ ಕಂಡಿತು.

"ಅವತ್ತು ಫೋನು ಬಂದ ಕೂಡ್ಲೇ ನಾನು ನಿನಗೆ ಹೇಳಬೇಕಿತ್ತು. ತಪ್ಪು ಮಾಡಿದೆ."

ಈಳಿಗೆಯ ಸದ್ದು ನಿಂತಿತು. ಅಮ್ಮನ ದನಿ ಕೇಳಿತು:

"ಹೌದು. ಹೇಳಬೇಕಿತ್ತು."

ಅಷ್ಟೇ. ಅಮ್ಮ ಅಳಲಿಲ್ಲ, ಅಪ್ಪನೂ ಅಳಲಿಲ್ಲ. ಸ್ವಲ್ಪ ಹೊತ್ತಿಗೆ ಹೀರೇಕಾಯಿ ಮತ್ತೆ ಹೆಚ್ಚುವ ಸದ್ದು ಬಂತು. ಚಹಾ ಇಡಲಾ ಎಂದು ಅಮ್ಮ ಕೇಳಿದರು. ನನ್ನನ್ನೇ ಕೇಳಿದ್ದೆಂದು ತಿಳಿದು, ಅಪ್ಪನಿಗೆ ಹೇಳಲು ನಾನು ಪರದೆ ಸರಿಸಿದೆ. ಅಷ್ಟರಲ್ಲಿ ಅಪ್ಪ, ಇಡು ಎಂದಾಗಿತ್ತು. ಇಬ್ಬರೂ ಏನು ಬೇಕಿತ್ತು ಎಂಬಂತೆ ತಿರುಗಿ ನೋಡಿದರು. ಏನಿಲ್ಲ ಎಂದು ನಾನು ಪುಸ್ತಕದ ಚೀಲ ಎತ್ತಿಕೊಂಡು ಶಾಲೆಗೆ ಹೊರಟೆ. ಮೆಟ್ಟಿಲ ಬಳಿ ಸಿಕ್ಕ ಕಾಕುವಿಗೆ, ಬಿಟ್ಟಿತು ಎಂದೆ. ಅವರು ನನ್ನ ಗಲ್ಲ ಹಿಡಿದು ಮುದ್ದಿಸಿ, ಈಗ ನೀನು ಆಡಿಕೊಂಡಿರು ಎಂದರು. ಆ ಸಂಜೆಯಿಂದ ಅಪ್ಪ ಅಮ್ಮ ನೇರವಾಗಿ ಮಾತಾಡತೊಡಗಿದರು. ಮೊದಮೊದಲು ಉಪ್ಪು, ನೀರು, ರೈಲಿನ ಹೊತ್ತು. ಆಮೇಲೆ ನನಗೆ ತಿಳಿಯದ ವಿಷಯಗಳು, ತಗ್ಗಿದ ದನಿಯಲ್ಲಿ. ಶಾಲೆಯಿಂದ ಬಂದಾಗ ನನ್ನನ್ನು ಕರೆಯುವ ದನಿ ಬರಲಿ ಎಂದು ನಾನು ಚಪ್ಪಲಿ ಬಿಚ್ಚುವುದನ್ನೂ ನಿಧಾನ ಮಾಡುತ್ತಿದ್ದೆ. ಎರಡು ವರ್ಷ ನನ್ನ ಹೆಸರು ಆ ಮನೆಯಲ್ಲಿ ದಿನಕ್ಕೆ ಎಷ್ಟು ಸಲ ಕೇಳಿಸುತ್ತಿತ್ತೋ ಅದರಲ್ಲಿ ಕಾಲುಭಾಗವೂ ಈಗ ಕೇಳಿಸುತ್ತಿರಲಿಲ್ಲ. ನನಗೆ ಬೇಕಾಗಿದ್ದದ್ದೇ ಆಗಿತ್ತು. ಅಷ್ಟಿದ್ದೂ ಯಾಕೆ ಅಳು ಬರುತ್ತದೆಂದು ತಿಳಿಯದೆ, ಗ್ಯಾಲರಿಯ ಕಂಬಿಗೆ ಹಣೆ ಒತ್ತಿ ಕೆಳಗೆ ಹೋಗುವ ಲೋಕಲ್ಲುಗಳನ್ನು ನೋಡುತ್ತ ನಿಲ್ಲುತ್ತಿದ್ದೆ.

ಅದೇ ವರ್ಷ ಅಜ್ಜನ ತಿಥಿಗೆ ಇಬ್ಬರೂ ಊರಿಗೆ ಹೊರಟರು. ನನಗೆ ಪರೀಕ್ಷೆ ಇದ್ದುದರಿಂದ ನನ್ನನ್ನು ಜಗನ್ನಾಥಣ್ಣನ ಮನೆಯಲ್ಲಿ ಬಿಟ್ಟರು. ಅಪ್ಪ ಅಮ್ಮನನ್ನು ರೈಲು ಹತ್ತಿಸಲು ಜಗನ್ನಾಥಣ್ಣನ ಜೊತೆ ನಾನೂ ಕಲ್ಯಾಣಿಗೆ ಹೋಗಿದ್ದೆ. ಅಪ್ಪ ಅಮ್ಮ ಕಿಟಕಿಯ ಪಕ್ಕ ಎದುರುಬದುರು ಕೂತಿದ್ದರು. ನಾನು ಪ್ಲಾಟ್‌ಫಾರ್ಮಿನಲ್ಲಿ ಕಿಟಕಿಯ ಕೆಳಗೆ ನಿಂತಿದ್ದೆ. ಹುಷಾರು, ಓದಿಕೋ ಎಂದರು ಅಮ್ಮ. ರೈಲು ಕದಲಿದಾಗ ಅಮ್ಮ ಅಪ್ಪನ ಕಡೆ ಬಾಗಿ ಏನೋ ಹೇಳಿದರು. ಅಪ್ಪ ನಕ್ಕರು. ನಾನು ಬೀಸಿದ ಕೈ ಅವರು ನೋಡುವ ಮೊದಲೇ ಆ ಡಬ್ಬಿ ಮುಂದೆ ಹೋಗಿತ್ತು. ಜಗನ್ನಾಥಣ್ಣ ನನ್ನ ಹೆಗಲ ಮೇಲೆ ಕೈಯಿಟ್ಟರು.

"ಎಂಥ ಹೇಳಿದ್ಳು ಮಾರಾಯ್ತಿ ಅಮ್ಮ? ಅಪ್ಪ ಅಷ್ಟು ನಗಾಡಿದ್ರಲ್ಲ?"

"ಗೊತ್ತಿಲ್ಲ," ಎಂದೆ. ಅವರಿಬ್ಬರ ನಡುವಿನ ಮಾತೊಂದು ನನಗೆ ಗೊತ್ತಿಲ್ಲ ಎಂದು ನಾನು ಯಾರಿಗಾದರೂ ಹೇಳಿದ್ದು ಅದೇ ಮೊದಲು.